ಅತಿವಾಹಕ ಜಾಲದಲ್ಲಿ ಸುಳಿಗಳು: ಲೆಕ್ಕ ಹಾಕುವುದು, ನೋಡುವುದು, ಓಡಿಸುವುದು ಹೇಗೆ

ಅತಿವಾಹಕವೆಂದರೆ ಸಾಕಷ್ಟು ತಣಿಸಿದಾಗ ವಿದ್ಯುತ್ತನ್ನು ರೋಧವಿಲ್ಲದೆ ಹರಿಯಬಿಡುವ ವಸ್ತು. ಕಾಂತಕ್ಷೇತ್ರವು ಎರಡನೇ ಬಗೆಯ (ಕ್ಷೇತ್ರವನ್ನು ಭಾಗಶಃ ಒಳಬಿಡುವ) ಅತಿವಾಹಕದೊಳಗೆ ಸುಳಿಗಳ, ಅಂದರೆ ಸುತ್ತುವ ಪ್ರವಾಹಗಳ, ರೂಪದಲ್ಲಿ ನುಗ್ಗುತ್ತದೆ ಎಂದು ಅಲೆಕ್ಸಿ ಅಬ್ರಿಕೊಸೊವ್ 1957ರಲ್ಲಿ ತೋರಿಸಿದರು. 1962ರಲ್ಲಿ ಬ್ರಯಾನ್ ಜೋಸೆಫ್ಸನ್, ಎರಡು ಅತಿವಾಹಕಗಳ ನಡುವಿನ ತೆಳು ತಡೆಯ ಮೂಲಕವೂ ರೋಧವಿಲ್ಲದ ಪ್ರವಾಹ ಹರಿಯಬಲ್ಲದು ಎಂದು ಲೆಕ್ಕ ಹಾಕಿದರು. ಇಂಥ ತಡೆಯಿರುವ ಜೋಡಣೆಗೆ ಜೋಸೆಫ್ಸನ್ ಸಂಧಿ ಎಂದು ಹೆಸರು. ಈ ಎರಡು ವಿಚಾರಗಳು ಒಂದೇ ಜಾಗದಲ್ಲಿ ಕೂಡುವುದು ಇಂಥ ಸಂಧಿಗಳ ಜಾಲದಲ್ಲಿ. ಸಣ್ಣ ಅತಿವಾಹಕ ದ್ವೀಪಗಳನ್ನು ಚೌಕಚೌಕವಾಗಿ ಜೋಡಿಸಿ, ನೆರೆಯ ದ್ವೀಪಗಳನ್ನು ಸಂಧಿಗಳಿಂದ ಬೆಸೆದು, ಮೇಲಿನಿಂದ ಕಾಂತಕ್ಷೇತ್ರ ಹಾಯಿಸಿದರೆ, ದ್ವೀಪಗಳ ನಡುವಿನ ಖಾಲಿ ಕೋಶಗಳಲ್ಲಿ ಸುಳಿಗಳು ಬಂದು ಕೂರುತ್ತವೆ.

ಈ ಸುಳಿಗಳ ನಡತೆಯನ್ನು ಓದಿ ತಿಳಿಯುವುದಕ್ಕಿಂತ ಕಂಪ್ಯೂಟರಿನಲ್ಲಿ ಕಟ್ಟಿ ತಿಳಿಯುವುದು ಮೇಲು ಎಂಬುದು ನನ್ನ ದೃಢ ನಂಬಿಕೆ. ತ್ರಿಕೋನಮಿತಿ, ಸ್ವಲ್ಪ ಪೈಥಾನ್, ಒಂದು ಸಾಧಾರಣ ಲ್ಯಾಪ್‌ಟಾಪ್ ಇದ್ದರೆ ಸಾಕು. ಆದರೆ ಪರದೆಯ ಮೇಲೆ ಸುಳಿಗಳ ಚಿತ್ರ ಮೂಡಿದ ಮಾತ್ರಕ್ಕೆ ಅದನ್ನು ನಂಬಬಾರದು. ಈ ವಿಷಯದಲ್ಲಿ ತಪ್ಪು ಚಿತ್ರವೂ ಸರಿಯಾದ ಚಿತ್ರದಷ್ಟೇ ಅಂದವಾಗಿರುತ್ತದೆ. ಆದ್ದರಿಂದ ಪ್ರತಿ ಹಂತಕ್ಕೂ ಕೈಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯನ್ನು ಜೊತೆಗಿಟ್ಟಿದ್ದೇನೆ. ಅವನ್ನು ದಾಟದೆ ಮುಂದೆ ಹೋಗಬೇಡಿ.

ಮೊದಲ ಹಂತ: ಕ್ಷೇತ್ರವನ್ನು ಟೆಸ್ಲಾದಲ್ಲಿ ಯೋಚಿಸುವುದನ್ನು ಬಿಡಿ

ಜಾಲಕ್ಕೆ ಮುಖ್ಯವಾದುದು ಒಂದು ಕೋಶದ ಮೂಲಕ ಎಷ್ಟು ಫ್ಲಕ್ಸ್ (ಕ್ಷೇತ್ರ ಮತ್ತು ವಿಸ್ತೀರ್ಣದ ಗುಣಲಬ್ಧ) ಹಾಯುತ್ತದೆ ಎಂಬುದಷ್ಟೇ. ಅದರ ಅಳತೆಗೋಲು ಫ್ಲಕ್ಸ್ ಕ್ವಾಂಟಮ್: ಪ್ಲಾಂಕ್ ಸ್ಥಿರಾಂಕವನ್ನು ಎಲೆಕ್ಟ್ರಾನಿನ ವಿದ್ಯುದಂಶದ ಎರಡರಷ್ಟರಿಂದ ಭಾಗಿಸಿದರೆ ಸಿಗುವ 2.068 × 10⁻¹⁵ ವೆಬರ್. ಕ್ಷೇತ್ರವನ್ನು ಕೋಶದ ವಿಸ್ತೀರ್ಣದಿಂದ ಗುಣಿಸಿ, ಈ ಸಂಖ್ಯೆಯಿಂದ ಭಾಗಿಸಿ. ಬರುವ ಉತ್ತರವನ್ನು ಎಫ್ ಎಂದು ಕರೆಯೋಣ. ಎಫ್ ಎಂದರೆ ಸರಾಸರಿ ಒಂದು ಕೋಶಕ್ಕೆ ಎಷ್ಟು ಸುಳಿ ಎಂಬ ಲೆಕ್ಕ. ಅರ್ಧ ಎಂದರೆ ಎರಡು ಕೋಶಕ್ಕೊಂದು ಸುಳಿ, ಮೂರನೇ ಒಂದು ಎಂದರೆ ಮೂರು ಕೋಶಕ್ಕೊಂದು.

ಕೋಶದ ಬದಿ 10 ಮೈಕ್ರೊಮೀಟರ್ ಇದ್ದರೆ ಎಫ್ ಒಂದಕ್ಕೆ ಬೇಕಾದ ಕ್ಷೇತ್ರ ಸುಮಾರು 20.7 ಮೈಕ್ರೊಟೆಸ್ಲಾ. ಭೂಮಿಯ ಕಾಂತಕ್ಷೇತ್ರವೇ ಜಾಗದಿಂದ ಜಾಗಕ್ಕೆ 25ರಿಂದ 65 ಮೈಕ್ರೊಟೆಸ್ಲಾ ಇದೆ. ಅಂದರೆ ಪ್ರಯೋಗಾಲಯದಲ್ಲಿ ಏನೂ ಮಾಡದೆ ಬಿಟ್ಟರೂ ಜಾಲದ ತುಂಬ ಸುಳಿಗಳಿರುತ್ತವೆ. ಇಂಥ ಪ್ರಯೋಗಗಳಲ್ಲಿ ಮಾದರಿಯ ಸುತ್ತ ಮ್ಯೂ-ಮೆಟಲ್ (ಕಾಂತಕ್ಷೇತ್ರವನ್ನು ತಡೆಯುವ ಮಿಶ್ರಲೋಹ) ಕವಚ ಹಾಕುವುದು ಇದಕ್ಕಾಗಿಯೇ. ಬದಿ 1 ಮೈಕ್ರೊಮೀಟರಿಗೆ ಇಳಿದರೆ ಬೇಕಾದ ಕ್ಷೇತ್ರ ನೂರು ಪಟ್ಟು ಏರಿ 2.07 ಮಿಲಿಟೆಸ್ಲಾ ಆಗುತ್ತದೆ. ಆಗ ಭೂಮಿಯ ಕ್ಷೇತ್ರ ಸಣ್ಣ ಪಲ್ಲಟವನ್ನಷ್ಟೇ ತರುತ್ತದೆ.

ಇನ್ನೂ ಎರಡು ಅಳತೆಗಳನ್ನು ಬರೆದಿಟ್ಟುಕೊಳ್ಳಿ. ಸಂಧಿಯೊಂದು ರೋಧವಿಲ್ಲದೆ ಹೊರಬಲ್ಲ ಅತಿ ಹೆಚ್ಚಿನ ಪ್ರವಾಹ ಅದರ ನಿರ್ಣಾಯಕ ಪ್ರವಾಹ. ಅದನ್ನು ಫ್ಲಕ್ಸ್ ಕ್ವಾಂಟಮ್‌ನಿಂದ ಗುಣಿಸಿ ಎರಡು ಪೈಯಿಂದ ಭಾಗಿಸಿದರೆ ಸಂಧಿಯ ಶಕ್ತಿ ಸಿಗುತ್ತದೆ. ನಿರ್ಣಾಯಕ ಪ್ರವಾಹ 1 ಮೈಕ್ರೊಆಂಪಿಯರ್ ಇದ್ದರೆ ಈ ಶಕ್ತಿ ತಾಪಮಾನದ ಲೆಕ್ಕದಲ್ಲಿ ಸುಮಾರು 24 ಕೆಲ್ವಿನ್. ಮುಂದೆ ಎಲ್ಲ ಶಕ್ತಿ ಮತ್ತು ತಾಪಮಾನಗಳನ್ನು ಸಂಧಿಶಕ್ತಿಯ ಘಟಕದಲ್ಲಿ, ಪ್ರವಾಹಗಳನ್ನು ನಿರ್ಣಾಯಕ ಪ್ರವಾಹದ ಘಟಕದಲ್ಲಿ ಹೇಳುತ್ತೇನೆ. ಹೀಗೆ ಮಾಡಿದರೆ ಪ್ರೋಗ್ರಾಮಿನೊಳಗೆ 10⁻¹⁵ರಂಥ ಸಂಖ್ಯೆಗಳು ನುಸುಳುವುದೇ ಇಲ್ಲ.

ಎರಡನೇ ಹಂತ: ಜಾಲವನ್ನು ಕಟ್ಟುವುದು

ಪ್ರತಿ ದ್ವೀಪಕ್ಕೂ ಒಂದು ಕೋನ ಕೊಡಿ. ಅದು ಆ ದ್ವೀಪದ ಅತಿವಾಹಕ ಸ್ಥಿತಿಯ ಫೇಸ್, ಅಂದರೆ ಅಲ್ಲಿನ ಕ್ವಾಂಟಮ್ ಅಲೆ ತನ್ನ ಆವರ್ತದಲ್ಲಿ ಎಲ್ಲಿದೆ ಎಂದು ಹೇಳುವ ಕೋನ. ಅಕ್ಕಪಕ್ಕದ ದ್ವೀಪಗಳ ಫೇಸ್ ವ್ಯತ್ಯಾಸದಿಂದ ಕ್ಷೇತ್ರದ ಪಾಲನ್ನು ಕಳೆದರೆ ಉಳಿಯುವುದು ಕೊಂಡಿಯ, ಅಂದರೆ ಅವುಗಳನ್ನು ಬೆಸೆಯುವ ಸಂಧಿಯ, ಕೋನ. ಆ ಕೊಂಡಿಯ ಶಕ್ತಿ ಕೋನದ ಕೊಸೈನ್‌ನ ಋಣ ಬೆಲೆ, ಅದರಲ್ಲಿ ಹರಿಯುವ ಪ್ರವಾಹ ಕೋನದ ಸೈನ್. ಇಡೀ ಭೌತಶಾಸ್ತ್ರ ಇಷ್ಟರಲ್ಲೇ ಇದೆ.

ಕ್ಷೇತ್ರದ ಪಾಲನ್ನು ಹಂಚಲು ಅತಿ ಸರಳ ದಾರಿ ಇದು: ಅಡ್ಡ ಕೊಂಡಿಗಳಿಗೆ ಸೊನ್ನೆ ಕೊಡಿ; ಲಂಬ ಕೊಂಡಿಗಳಿಗೆ ಎರಡು ಪೈ, ಎಫ್ ಮತ್ತು ಕಂಬಸಾಲಿನ ಸಂಖ್ಯೆ ಇವುಗಳ ಗುಣಲಬ್ಧ ಕೊಡಿ. ಒಂದು ಕೋಶದ ಸುತ್ತ ಎಡಸುತ್ತಾಗಿ (ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ) ಕೂಡಿ ನೋಡಿ: ಬಲಬದಿಯ ಪಾಲಿನಿಂದ ಎಡಬದಿಯ ಪಾಲು ಕಳೆದು ಎರಡು ಪೈ ಎಫ್ ಉಳಿಯಬೇಕು. ಯಾವ ಕೋಶದಲ್ಲಿ ಲೆಕ್ಕ ಹಾಕಿದರೂ ಇದೇ ಉತ್ತರ ಬರಬೇಕು.

ಅಂಚುಗಳನ್ನು ಸುತ್ತಿ ಎಡವನ್ನು ಬಲಕ್ಕೆ, ಮೇಲನ್ನು ಕೆಳಕ್ಕೆ ಬೆಸೆಯುವುದಾದರೆ ಒಂದು ಷರತ್ತು ಇದೆ. ಬದಿಯ ಉದ್ದವನ್ನು ಎಫ್‌ನಿಂದ ಗುಣಿಸಿದಾಗ ಪೂರ್ಣಾಂಕ ಬರಬೇಕು. ಇಲ್ಲದಿದ್ದರೆ ಹೊಲಿಗೆಯ ಜಾಗದ ಕೋಶಗಳಲ್ಲಿ ತಪ್ಪು ಫ್ಲಕ್ಸ್ ಉಳಿದು, ಸುಳಿಗಳು ಅಲ್ಲಿ ಸಾಲಾಗಿ ನಿಲ್ಲುತ್ತವೆ. ಆ ಸಾಲನ್ನು ಹೊಸ ಭೌತಿಕ ಸ್ಥಿತಿ ಎಂದು ನಂಬುವುದು ಬಹಳ ಸುಲಭ. ಮೊದಲ ಪ್ರಯೋಗಗಳಿಗೆ 36 × 36 ಗಾತ್ರವನ್ನು ಶಿಫಾರಸು ಮಾಡುತ್ತೇನೆ, ಏಕೆಂದರೆ 36 ಸಂಖ್ಯೆ 2, 3, 4, 6, 9, 12 ಎಲ್ಲದರಿಂದಲೂ ಭಾಗವಾಗುತ್ತದೆ. ಐದನೇ ಎರಡರಂಥ ಬೆಲೆ ಬೇಕಾದರೆ 30 ಅಥವಾ 40ಕ್ಕೆ ಹೋಗಿ.

ಇಲ್ಲಿನ ಪರೀಕ್ಷೆ: ಎಫ್‌ಗೆ ಒಂದು ಸೇರಿಸಿದರೆ ಶಕ್ತಿ ಬದಲಾಗಬಾರದು. ಅದೇ ಫೇಸ್‌ಗಳಿಗೆ ಮೂರನೇ ಒಂದು ಮತ್ತು ಮೂರನೇ ನಾಲ್ಕು ಎರಡೂ ಒಂದೇ ಉತ್ತರ ಕೊಡಬೇಕು. ಕೊಡದಿದ್ದರೆ ಲಂಬ ಕೊಂಡಿಯ ಪಾಲಿನಲ್ಲೋ ಹೊಲಿಗೆಯಲ್ಲೋ ದೋಷವಿದೆ.

ಮೂರನೇ ಹಂತ: ಸುಳಿ ಎಲ್ಲಿದೆ ಎಂದು ಪತ್ತೆ ಹಚ್ಚುವುದು

ಪ್ರತಿ ಕೊಂಡಿಯ ಕೋನವನ್ನು ಋಣ ಪೈ ಮತ್ತು ಧನ ಪೈ ನಡುವಿನ ಬೆಲೆಗೆ ತನ್ನಿ. ಕೋಶದ ನಾಲ್ಕು ಕೊಂಡಿಗಳನ್ನು ಎಡಸುತ್ತಾಗಿ ಕೂಡಿ, ಎರಡು ಪೈಯಿಂದ ಭಾಗಿಸಿ, ಎಫ್ ಸೇರಿಸಿ. ಉತ್ತರ ಪೂರ್ಣಾಂಕವೇ ಆಗಿರುತ್ತದೆ. ಒಂದು ಬಂದರೆ ಸುಳಿ ಇದೆ, ಸೊನ್ನೆ ಬಂದರೆ ಇಲ್ಲ, ಋಣ ಒಂದು ಬಂದರೆ ಪ್ರತಿಸುಳಿ, ಅಂದರೆ ವಿರುದ್ಧ ದಿಕ್ಕಿಗೆ ಸುತ್ತುವ ಸುಳಿ.

ಅಂಚುಗಳನ್ನು ಸುತ್ತಿದ ಜಾಲದಲ್ಲಿ ಎಲ್ಲ ಕೋಶಗಳ ಈ ಸಂಖ್ಯೆಗಳನ್ನು ಕೂಡಿದರೆ, ಎಫ್ ಅನ್ನು ಕೋಶಗಳ ಒಟ್ಟು ಸಂಖ್ಯೆಯಿಂದ ಗುಣಿಸಿದಷ್ಟೇ ಬರಬೇಕು. ತಾಪಮಾನ ಎಷ್ಟೇ ಇರಲಿ, ಫೇಸ್‌ಗಳು ಎಷ್ಟೇ ಅಸ್ತವ್ಯಸ್ತವಾಗಿರಲಿ, ಇದು ತಪ್ಪುವುದಿಲ್ಲ, ಏಕೆಂದರೆ ಪ್ರತಿ ಕೊಂಡಿಯೂ ಎರಡು ಕೋಶಗಳಲ್ಲಿ ವಿರುದ್ಧ ಚಿಹ್ನೆಯೊಂದಿಗೆ ಸೇರುತ್ತದೆ. 36 × 36 ಜಾಲದಲ್ಲಿ ಎಫ್ ಅರ್ಧವಾದರೆ ಉತ್ತರ 648. ಒಂದು ಹೆಚ್ಚಾದರೂ ಕಡಿಮೆಯಾದರೂ ಪ್ರೋಗ್ರಾಮಿನಲ್ಲಿ ತಪ್ಪಿದೆ ಎಂದೇ ಅರ್ಥ.

ಇಲ್ಲೊಂದು ಮಾತು ಹೇಳಲೇಬೇಕು. ಜಾಲದ ಪ್ರತಿ ಸುಳಿಯೂ ತನ್ನ ಕೋಶದೊಳಗೆ ಒಂದು ಫ್ಲಕ್ಸ್ ಕ್ವಾಂಟಮ್ ಅನ್ನು ಕಟ್ಟಿಟ್ಟುಕೊಂಡಿರುತ್ತದೆ ಎಂಬ ವಿವರಣೆ ಆಗಾಗ ಕಾಣಸಿಗುತ್ತದೆ. ಸಂಧಿಗಳು ದುರ್ಬಲವಾಗಿರುವ ಜಾಲಕ್ಕೆ ಅದು ಹೊಂದುವುದಿಲ್ಲ. ಅಲ್ಲಿ ಸುತ್ತುವ ಪ್ರವಾಹಗಳು ಹೊರಗಿನ ಕ್ಷೇತ್ರವನ್ನು ಬಹುತೇಕ ಬದಲಿಸಲಾರವು. ಕ್ಷೇತ್ರ ಎಲ್ಲ ಕೋಶಗಳಲ್ಲೂ ಹೆಚ್ಚುಕಡಿಮೆ ಸಮನಾಗಿಯೇ ಇರುತ್ತದೆ. ಪೂರ್ಣಾಂಕವಾಗಿರುವುದು ಫೇಸ್ ಎಷ್ಟು ಸುತ್ತು ತಿರುಗಿತು ಎಂಬ ಎಣಿಕೆ. ನಮ್ಮ ಪ್ರೋಗ್ರಾಮು ಕ್ಷೇತ್ರವನ್ನು ಸ್ಥಿರವೆಂದು ಹಿಡಿಯುವುದು ಈ ಕಾರಣಕ್ಕೆ. ನಿರ್ಣಾಯಕ ಪ್ರವಾಹ 1 ಮೈಕ್ರೊಆಂಪಿಯರ್ ಇದ್ದಾಗ ಪ್ರವಾಹಗಳು ಕ್ಷೇತ್ರವನ್ನು ತಡೆಯಲು ಬೇಕಾದ ದೂರ ಸುಮಾರು ಕಾಲು ಮಿಲಿಮೀಟರ್. ನಿಮ್ಮ ಜಾಲ ಅದಕ್ಕಿಂತ ಚಿಕ್ಕದಾಗಿದ್ದರೆ ಈ ಮಾದರಿ ಒಪ್ಪುತ್ತದೆ. ನಿರ್ಣಾಯಕ ಪ್ರವಾಹ ಹೆಚ್ಚಿದಂತೆ ಈ ದೂರ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ ಎಂಬುದೂ ನೆನಪಿರಲಿ.

ನಾಲ್ಕನೇ ಹಂತ: ನಿಧಾನವಾಗಿ ತಣಿಸುವುದು

ತಾಳ್ಮೆ ಬೇಡುವ ಹಂತ ಇದು, ನನಗೆ ಅತ್ಯಂತ ಪ್ರಿಯವಾದುದೂ ಇದೇ. ಎಲ್ಲ ಫೇಸ್‌ಗಳನ್ನೂ ಯಾದೃಚ್ಛಿಕವಾಗಿ ಇಟ್ಟು ತಾಪಮಾನ 1.5ರಿಂದ ಆರಂಭಿಸಿ. ಮೆಟ್ರೊಪೊಲಿಸ್ ವಿಧಾನದಲ್ಲಿ ಒಂದು ದ್ವೀಪ ಆರಿಸಿ, ಅದರ ಫೇಸ್ ಅನ್ನು ಸ್ವಲ್ಪ ಅಲ್ಲಾಡಿಸಿ, ಶಕ್ತಿ ಇಳಿದರೆ ಒಪ್ಪಿಕೊಳ್ಳಿ. ಏರಿದರೆ, ಏರಿಕೆಯನ್ನು ತಾಪಮಾನದಿಂದ ಭಾಗಿಸಿ ಬಂದ ಸಂಖ್ಯೆಯ ಋಣ ಘಾತೀಯಕ್ಕೆ ಸಮನಾದ ಸಂಭವನೀಯತೆಯಲ್ಲಿ ಒಪ್ಪಿಕೊಳ್ಳಿ. ಅಲ್ಲಾಡಿಸುವ ಪ್ರಮಾಣವನ್ನು ಸುಮಾರು ಅರ್ಧದಷ್ಟು ಪ್ರಯತ್ನಗಳು ಒಪ್ಪಿತವಾಗುವಂತೆ ಹೊಂದಿಸಿಕೊಳ್ಳಿ. ತಣ್ಣಗಾದಂತೆ ಅದು ಚಿಕ್ಕದಾಗುತ್ತ ಹೋಗಬೇಕು. ಮೊದಲು 0.05ರ ಮೆಟ್ಟಿಲುಗಳಲ್ಲಿ ಇಳಿಯಿರಿ. 0.6 ದಾಟಿದ ಮೇಲೆ 0.02ರ ಮೆಟ್ಟಿಲು ಸಾಕು, ಪ್ರತಿ ಮೆಟ್ಟಿಲಲ್ಲೂ ಇಡೀ ಜಾಲವನ್ನು ಕೆಲವು ಸಾವಿರ ಸಲ ಗುಡಿಸಬೇಕು, ಅಂದರೆ ಪ್ರತಿ ದ್ವೀಪಕ್ಕೂ ಅಷ್ಟು ಸಲ ಸರದಿ ಬರಬೇಕು. ಕೊನೆಗೆ ತಾಪಮಾನ ಸೊನ್ನೆ ಮಾಡಿ, ಶಕ್ತಿ ಇಳಿಯುವುದು ನಿಲ್ಲುವವರೆಗೆ ಬಿಡಿ.

ಎಫ್ ಅರ್ಧದಿಂದ ಶುರು ಮಾಡಿ. ಸರಿಯಾಗಿ ತಣಿದರೆ ಸುಳಿಗಳು ಚದುರಂಗದ ಹಾಸಿನಂತೆ ಒಂದು ಬಿಟ್ಟು ಒಂದು ಕೋಶದಲ್ಲಿ ಕೂರುತ್ತವೆ. ಕಾರಣ ಕೈಲೆಕ್ಕಕ್ಕೇ ಸಿಗುತ್ತದೆ. ಸುಳಿ ಇರುವ ಕೋಶದ ಸುತ್ತ ಕೋನಗಳ ಮೊತ್ತ ಪೈ ಆಗಬೇಕು, ಇಲ್ಲದ ಕೋಶದ ಸುತ್ತ ಋಣ ಪೈ. ನಾಲ್ಕು ಕೊಂಡಿಗಳಿಗೆ ಸಮನಾಗಿ ಹಂಚಿದರೆ ಪ್ರತಿ ಕೊಂಡಿಗೂ ಪೈಯ ಕಾಲು ಭಾಗ ಬರುತ್ತದೆ. ಅದರ ಕೊಸೈನ್ 0.7071. ಒಂದು ದ್ವೀಪಕ್ಕೆ ಎರಡು ಕೊಂಡಿಗಳ ಲೆಕ್ಕ, ಆದ್ದರಿಂದ ದ್ವೀಪವೊಂದಕ್ಕೆ ಶಕ್ತಿ ಋಣ 1.4142. ನಿಮ್ಮ ಪ್ರೋಗ್ರಾಮು ಈ ಸಂಖ್ಯೆಯನ್ನು ನಾಲ್ಕು ದಶಮಾಂಶದವರೆಗೂ ಕೊಡಬೇಕು.

ಎಷ್ಟೋ ಸಲ ಕೊಡುವುದಿಲ್ಲ. ಶಕ್ತಿ ಸ್ವಲ್ಪ ಮೇಲೇ ನಿಂತುಬಿಡುತ್ತದೆ. ಚಿತ್ರ ತೆಗೆದು ನೋಡಿದರೆ ಒಂದು ಭಾಗದಲ್ಲಿ ಸುಳಿಗಳು ಕಪ್ಪು ಮನೆಗಳಲ್ಲಿ, ಇನ್ನೊಂದು ಭಾಗದಲ್ಲಿ ಬಿಳಿ ಮನೆಗಳಲ್ಲಿ ಕೂತಿರುತ್ತವೆ. ನಡುವೆ ಒಂದು ಗೋಡೆ ಎದ್ದಿರುತ್ತದೆ. ಎರಡು ಜೋಡಣೆಗಳಿಗೂ ಶಕ್ತಿ ಒಂದೇ ಆದ್ದರಿಂದ ಅವಸರದಲ್ಲಿ ತಣಿಸಿದ ಜಾಲಕ್ಕೆ ಯಾವುದನ್ನು ಆರಿಸಬೇಕೆಂದು ತೀರ್ಮಾನಿಸಲು ಸಮಯವೇ ಸಿಕ್ಕಿರುವುದಿಲ್ಲ. ಈ ಕ್ರಮ ಮೂಡುವುದು ಸುಮಾರು 0.45ರ ಸುತ್ತ. ಆ ಆಸುಪಾಸಿನಲ್ಲಿ ಹತ್ತು ಪಟ್ಟು ಹೆಚ್ಚು ಹೊತ್ತು ಕಳೆಯಿರಿ, ಗೋಡೆಗಳು ಬಹುಪಾಲು ಕರಗುತ್ತವೆ.

ನಂತರ ಎಫ್ ಮೂರನೇ ಒಂದು. ಇಲ್ಲಿ ಸುಳಿಗಳು ಕರ್ಣರೇಖೆಗಳ ಮೇಲೆ ಸಾಲುಗಟ್ಟುತ್ತವೆ, ಪ್ರವಾಹಗಳು ಮೆಟ್ಟಿಲುಗಳಂತೆ ಹರಿಯುತ್ತವೆ. ಮೂರು ಮೆಟ್ಟಿಲುಸಾಲುಗಳಲ್ಲಿ ಒಂದರ ಕೋನ ಸೊನ್ನೆ, ಉಳಿದೆರಡರದು ಪೈಯ ಮೂರನೇ ಒಂದು ಭಾಗ, ವಿರುದ್ಧ ದಿಕ್ಕಿನಲ್ಲಿ. ಕೊಸೈನ್‌ಗಳು 1, ಅರ್ಧ, ಅರ್ಧ. ಸರಾಸರಿ ಮೂರನೇ ಎರಡು. ದ್ವೀಪಕ್ಕೆ ಶಕ್ತಿ ಋಣ 1.3333. ಕರ್ಣದ ದಿಕ್ಕು ಎರಡು, ಪ್ರತಿಯೊಂದಕ್ಕೂ ಮೂರು ಸ್ಥಾನಪಲ್ಲಟಗಳು. ಒಟ್ಟು ಆರು ಸಮಾನ ಸ್ಥಿತಿಗಳು. ಹಾಗಾಗಿ ಗೋಡೆಗಳ ಕಾಟ ಇಲ್ಲಿ ಇನ್ನೂ ಹೆಚ್ಚು. ಬೇರೆ ಬೇರೆ ಯಾದೃಚ್ಛಿಕ ಆರಂಭಗಳಿಂದ ಹತ್ತಾರು ಸಲ ತಣಿಸಿ, ಅತಿ ಕಡಿಮೆ ಶಕ್ತಿ ಬಂದುದನ್ನು ಇಟ್ಟುಕೊಳ್ಳಿ. ಭಿನ್ನರಾಶಿಯ ಛೇದ ದೊಡ್ಡದಾದಂತೆ ಒಂದೇ ಓಟದ ಫಲಿತಾಂಶದ ಮೇಲೆ ನನಗೆ ಭರವಸೆ ಉಳಿಯುವುದಿಲ್ಲ.

ಐದನೇ ಹಂತ: ಕ್ಷೇತ್ರವಿಲ್ಲದಾಗ ಏನಾಗುತ್ತದೆ

ಎಫ್ ಸೊನ್ನೆಯಾದರೂ ಶಾಖವೇ ಸುಳಿ ಮತ್ತು ಪ್ರತಿಸುಳಿಗಳ ಜೋಡಿಗಳನ್ನು ಹುಟ್ಟಿಸುತ್ತದೆ. ತಣ್ಣಗಿರುವಾಗ ಜೋಡಿಗಳು ಬಿಡಿಸಿಕೊಳ್ಳುವುದಿಲ್ಲ. ಒಂದು ತಾಪಮಾನ ದಾಟಿದೊಡನೆ ಬೇರ್ಪಟ್ಟು ಅಲೆಯತೊಡಗುತ್ತವೆ. ಬೆರೆಜಿನ್ಸ್ಕಿ, ಕೋಸ್ಟರ್ಲಿಟ್ಜ್ ಮತ್ತು ಥೌಲೆಸ್ 1970ರ ದಶಕದ ಆರಂಭದಲ್ಲಿ ವಿವರಿಸಿದ ಪರಿವರ್ತನೆ ಇದು. ಕೋಸ್ಟರ್ಲಿಟ್ಜ್ ಮತ್ತು ಥೌಲೆಸ್ 2016ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಚೌಕ ಜಾಲದಲ್ಲಿ ಇದು ನಡೆಯುವುದು 0.893ರಲ್ಲಿ.

ಇದನ್ನು ಅಳೆಯಲು ಜಾಲದ ಬಿಗಿತವನ್ನು, ಅಂದರೆ ಫೇಸ್‌ಗಳನ್ನು ತಿರುಚಲು ಹೋದರೆ ಅದು ಒಡ್ಡುವ ವಿರೋಧವನ್ನು, ಲೆಕ್ಕ ಹಾಕಿ. ಅಡ್ಡ ಕೊಂಡಿಗಳ ಕೊಸೈನ್ ಮೊತ್ತದ ಸರಾಸರಿಯಿಂದ, ಸೈನ್ ಮೊತ್ತದ ವರ್ಗದ ಸರಾಸರಿಯನ್ನು ತಾಪಮಾನದಿಂದ ಭಾಗಿಸಿ ಕಳೆಯಿರಿ. ಬಂದುದನ್ನು ದ್ವೀಪಗಳ ಸಂಖ್ಯೆಯಿಂದ ಭಾಗಿಸಿ. ಬಿಗಿತದ ರೇಖೆ, ತಾಪಮಾನದ ಎರಡರಷ್ಟನ್ನು ಪೈಯಿಂದ ಭಾಗಿಸಿದ ನೇರರೇಖೆಯನ್ನು ಎಲ್ಲಿ ಕತ್ತರಿಸುತ್ತದೆಯೋ ಅಲ್ಲೇ ಪರಿವರ್ತನೆ. ಸಣ್ಣ ಜಾಲದಲ್ಲಿ ಛೇದಬಿಂದು 0.893ಕ್ಕಿಂತ ಸ್ವಲ್ಪ ಮೇಲಿರುತ್ತದೆ, ಗಾತ್ರ ಹೆಚ್ಚಿಸಿದಂತೆ ಕೆಳಗೆ ಸರಿಯುತ್ತದೆ.

ಆರನೇ ಹಂತ: ಒಂದೇ ಸುಳಿಯನ್ನು ಹಿಡಿದು ತಳ್ಳುವುದು

ಈಗ ಅಂಚುಗಳನ್ನು ಬಿಚ್ಚಿ, ಎಫ್ ಸೊನ್ನೆ ಇಡಿ. ಜಾಲದ ನಡುವಿನ ಕೋಶದ ಕೇಂದ್ರದಿಂದ ನೋಡಿದಾಗ ಪ್ರತಿ ದ್ವೀಪ ಯಾವ ಕೋನದಲ್ಲಿ ಕಾಣುತ್ತದೆಯೋ ಅದನ್ನೇ ಅದರ ಫೇಸ್ ಮಾಡಿ. ಸೊನ್ನೆ ತಾಪಮಾನದಲ್ಲಿ ಬಿಟ್ಟರೆ ಸುಳಿ ಅಲ್ಲೇ ನೆಲೆಯಾಗುತ್ತದೆ. ಬದಿಯನ್ನು ಎರಡು ಪಟ್ಟು ಮಾಡಿ ಮತ್ತೆ ಅಳೆಯಿರಿ: ಸುಳಿಯ ಶಕ್ತಿ ಸುಮಾರು 2.18ರಷ್ಟು ಏರಬೇಕು, ಅಂದರೆ ಪೈ ಮತ್ತು ಎರಡರ ಸ್ವಾಭಾವಿಕ ಲಾಗರಿದಮ್ ಇವುಗಳ ಗುಣಲಬ್ಧ. ಜಾಲ ದೊಡ್ಡದಾದಂತೆ ಒಂಟಿ ಸುಳಿ ದುಬಾರಿಯಾಗುತ್ತಲೇ ಹೋಗುತ್ತದೆ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಅಂಚು ಸುಳಿಯನ್ನು ತನ್ನತ್ತ ಸೆಳೆಯುತ್ತದೆ. ಆದರೂ ಅದು ಹೊರಗೆ ಜಾರದಿರಲು ಕಾರಣ ಜಾಲದ ಉಬ್ಬುತಗ್ಗು. ಕೋಶದ ನಡುವೆ ಶಕ್ತಿ ಕನಿಷ್ಠ. ಪಕ್ಕದ ಕೋಶಕ್ಕೆ ಹೋಗಲು ನಡುವಿನ ಸಂಧಿಯನ್ನು ದಾಟಬೇಕು. ಲಾಬ್, ಅಬ್ರಹಾಂ ಮತ್ತು ಟಿಂಕಮ್ 1983ರಲ್ಲಿ ಈ ದಿಬ್ಬದ ಎತ್ತರವನ್ನು ಲೆಕ್ಕ ಹಾಕಿದರು: ಚೌಕ ಜಾಲದಲ್ಲಿ 0.199, ತ್ರಿಕೋನ ಜಾಲದಲ್ಲಿ 0.043. ಸುಳಿಗಳು ಸಲೀಸಾಗಿ ಓಡಾಡಬೇಕೆಂದರೆ ತ್ರಿಕೋನ ಜಾಲ ಏಕೆ ಮೆಚ್ಚುಗೆಯದು ಎಂಬುದಕ್ಕೆ ಈ ಎರಡು ಸಂಖ್ಯೆಗಳೇ ಸಾಕ್ಷಿ.

ಮೇಲಿನ ಅಂಚಿನ ಪ್ರತಿ ದ್ವೀಪಕ್ಕೂ ಸಮನಾಗಿ ಪ್ರವಾಹ ತುಂಬಿ, ಕೆಳಗಿನ ಅಂಚಿನಿಂದ ಅಷ್ಟನ್ನೇ ತೆಗೆಯಿರಿ. ಸುಳಿ ಪ್ರವಾಹದ ದಿಕ್ಕಿನಲ್ಲಿ ಹೋಗುವುದಿಲ್ಲ, ಅದಕ್ಕೆ ಲಂಬವಾಗಿ ಪಕ್ಕಕ್ಕೆ ಸರಿಯುತ್ತದೆ. ಸಂಧಿಯೊಂದಕ್ಕೆ ಪ್ರವಾಹ ಸುಮಾರು 0.1 ಆಗುವವರೆಗೆ ದೊಡ್ಡ ಚೌಕ ಜಾಲದ ಸುಳಿ ಕದಲುವುದಿಲ್ಲ. ಸಣ್ಣ ಜಾಲದಲ್ಲಿ ಅಂಚಿನ ಸೆಳೆತ ಸೇರಿಕೊಳ್ಳುವುದರಿಂದ ಇನ್ನೂ ಮೊದಲೇ ಹೊರಡಬಹುದು. ಸುಳಿ ಜಾಲವನ್ನು ಅಡ್ಡಲಾಗಿ ದಾಟಿದಾಗಲೆಲ್ಲ ಮೇಲಂಚು ಮತ್ತು ಕೆಳಂಚಿನ ನಡುವಿನ ಫೇಸ್ ವ್ಯತ್ಯಾಸ ಎರಡು ಪೈಯಷ್ಟು ಜಾರುತ್ತದೆ. ವೋಲ್ಟೇಜ್ ಹುಟ್ಟುವುದು ಇದರಿಂದಲೇ: ಸೆಕೆಂಡಿಗೆ ಎಷ್ಟು ಸುಳಿಗಳು ದಾಟಿದವು ಎಂಬುದನ್ನು ಫ್ಲಕ್ಸ್ ಕ್ವಾಂಟಮ್‌ನಿಂದ ಗುಣಿಸಿದಷ್ಟು.

ಚಲನೆಗೆ ಎರಡು ಬಗೆಯ ಸಮೀಕರಣಗಳಿವೆ, ಅವುಗಳನ್ನು ಬೆರೆಸಬೇಡಿ. ಸುಲಭವಾದುದರಲ್ಲಿ ಪ್ರತಿ ದ್ವೀಪದ ಫೇಸ್ ಬದಲಾಗುವ ವೇಗ ಅದಕ್ಕೆ ಬಂದು ಸೇರುವ ಒಟ್ಟು ಪ್ರವಾಹಕ್ಕೆ ಸಮ. ಪ್ರತಿ ದ್ವೀಪದಿಂದ ನೆಲಕ್ಕೆ ಒಂದು ರೋಧಕ ಕಟ್ಟಿದ ಹಾಗೆ ಇದು. ಸುಳಿಗಳ ನೆಲೆ ಹುಡುಕಲು, ಅವು ಯಾವ ಪ್ರವಾಹದಲ್ಲಿ ಕದಲುತ್ತವೆ ಎಂದು ನೋಡಲು ಇದು ಸಾಕು. ವೋಲ್ಟೇಜ್ ಮತ್ತು ಪ್ರವಾಹದ ರೇಖೆ ಬೇಕಾದರೆ ಸಾಲದು, ಏಕೆಂದರೆ ಚಲನೆ ಶುರುವಾದೊಡನೆ ಪ್ರವಾಹ ದಾರಿಯಲ್ಲೇ ನೆಲಕ್ಕೆ ಸೋರಿಹೋಗುತ್ತದೆ.

ನಿಜವಾದ ಜಾಲದಲ್ಲಿ ರೋಧಕ ಇರುವುದು ಪ್ರತಿ ಸಂಧಿಗೂ ಸಮಾಂತರವಾಗಿ. ಪ್ರತಿ ದ್ವೀಪಕ್ಕೂ ಕಿರ್ಕಾಫ್ ನಿಯಮ ಬರೆದರೆ ಎಲ್ಲ ಫೇಸ್‌ಗಳ ವೇಗಗಳು ಒಂದಕ್ಕೊಂದು ಹೆಣೆದ ಏಕಘಾತ ಸಮೀಕರಣಗಳು ಸಿಗುತ್ತವೆ. ಒಂದು ದ್ವೀಪದ ಫೇಸ್ ಅನ್ನು ಸೊನ್ನೆಗೆ ಕಟ್ಟಿಹಾಕಿ, ಮಾತೃಕೆಯನ್ನು ಒಂದೇ ಸಲ ಅಪವರ್ತಿಸಿ ಇಟ್ಟುಕೊಂಡು, ಪ್ರತಿ ಹೆಜ್ಜೆಯಲ್ಲೂ ಅದನ್ನೇ ಬಳಸಿ. ಕಾಲದ ಹೆಜ್ಜೆ 0.05 ಇರಲಿ. ಇಲ್ಲಿ ಕಾಲದ ಘಟಕವೆಂದರೆ ಫ್ಲಕ್ಸ್ ಕ್ವಾಂಟಮ್ ಅನ್ನು ಎರಡು ಪೈ, ನಿರ್ಣಾಯಕ ಪ್ರವಾಹ ಮತ್ತು ರೋಧ ಇವುಗಳ ಗುಣಲಬ್ಧದಿಂದ ಭಾಗಿಸಿದ್ದು. ಕೊನೆಯೆರಡರ ಗುಣಲಬ್ಧ 1 ಮಿಲಿವೋಲ್ಟ್ ಇದ್ದರೆ ಸುಮಾರು 0.33 ಪಿಕೊಸೆಕೆಂಡ್. ಶಾಖ ಸೇರಿಸಲು ಪ್ರತಿ ಕೊಂಡಿಗೂ ಗಾಸಿಯನ್ ಗದ್ದಲ (ಗಂಟೆಯಾಕಾರದ ಹಂಚಿಕೆಯ ಯಾದೃಚ್ಛಿಕ ಪ್ರವಾಹ) ಕೊಡಿ. ಅದರ ಹರವು, ತಾಪಮಾನದ ಎರಡರಷ್ಟನ್ನು ಕಾಲದ ಹೆಜ್ಜೆಯಿಂದ ಭಾಗಿಸಿ ತೆಗೆದ ವರ್ಗಮೂಲ. ಗದ್ದಲವನ್ನು ದ್ವೀಪಗಳಿಗೆ ಕೊಡಬೇಡಿ, ಅದು ಕೊಂಡಿಗಳಿಗೇ ಸೇರಬೇಕು.

ಏಳನೇ ಹಂತ: ನಿಜವಾದ ಅಳತೆಗಳ ಪಕ್ಕದಲ್ಲಿಟ್ಟು ನೋಡುವುದು

ಪ್ರಯೋಗಾಲಯದ ಜಾಲಗಳನ್ನು ಸಾಮಾನ್ಯವಾಗಿ ಚಿನ್ನ ಅಥವಾ ತಾಮ್ರದ ಹಾಸಿನ ಮೇಲೆ ಕೂರಿಸಿದ ನಿಯೋಬಿಯಂ ದ್ವೀಪಗಳಿಂದಲೋ, ನಡುವೆ ಆಕ್ಸೈಡ್ ಪದರವಿರುವ ಅಲ್ಯುಮಿನಿಯಂ ಸಂಧಿಗಳಿಂದಲೋ ಮಾಡುತ್ತಾರೆ. ನಿಯೋಬಿಯಂ 9.2 ಕೆಲ್ವಿನ್‌ನಲ್ಲಿ, ಅಲ್ಯುಮಿನಿಯಂ ಸುಮಾರು 1.2 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆ. ಪರಿವರ್ತನೆಗೆ ಹತ್ತಿರದ ತಾಪಮಾನದಲ್ಲಿ ನಿಲ್ಲಿಸಿ, ಕ್ಷೇತ್ರವನ್ನು ಮೆಲ್ಲಗೆ ಬದಲಿಸುತ್ತ ರೋಧ ಅಳೆದರೆ, ಎಫ್ ಪೂರ್ಣಾಂಕವಾದಲ್ಲೆಲ್ಲ ಆಳವಾದ ಕುಳಿಗಳು, ಅರ್ಧದಲ್ಲಿ ಸ್ವಲ್ಪ ಕಡಿಮೆ ಆಳದ ಕುಳಿ, ಒಳ್ಳೆಯ ಮಾದರಿಯಲ್ಲಿ ಮೂರನೇ ಒಂದು, ಕಾಲು ಇಂಥ ಬೆಲೆಗಳಲ್ಲೂ ಸಣ್ಣ ಕುಳಿಗಳು ಕಾಣುತ್ತವೆ. ಸುಳಿಗಳು ಜಾಲಕ್ಕೆ ಹೊಂದಿಕೊಂಡು ಕ್ರಮವಾಗಿ ಕೂತಾಗ ಸುಲಭವಾಗಿ ಕದಲುವುದಿಲ್ಲ, ಆದ್ದರಿಂದ ರೋಧ ಕುಗ್ಗುತ್ತದೆ.

ಇಂಥ ರೇಖೆ ನಿಮ್ಮ ಕೈಗೆ ಬಂದರೆ ಮೊದಲು ಎರಡು ದೊಡ್ಡ ಕುಳಿಗಳ ನಡುವಿನ ಅಂತರ ಅಳೆಯಿರಿ. ಫ್ಲಕ್ಸ್ ಕ್ವಾಂಟಮ್ ಅನ್ನು ಆ ಅಂತರದಿಂದ ಭಾಗಿಸಿದರೆ ಕೋಶದ ವಿಸ್ತೀರ್ಣ ಬರಬೇಕು. ಸೂಕ್ಷ್ಮದರ್ಶಕದ ಅಳತೆಗೆ ಅದು ತಾಳೆಯಾಗದಿದ್ದರೆ ಕ್ಷೇತ್ರ ಹುಟ್ಟಿಸುವ ತಂತಿಸುರುಳಿಯ ಮಾಪನ ತಪ್ಪಿದೆ. ಆಮೇಲೆ ರೇಖೆಯ ಸಮ್ಮಿತಿಯ ನಡುಬಿಂದು ಹುಡುಕಿ. ಸುರುಳಿಯ ಪ್ರವಾಹ ಸೊನ್ನೆ ಇದ್ದಾಗ ಅದು ಸೊನ್ನೆಯಲ್ಲಿರದೆ ಪಕ್ಕಕ್ಕೆ ಸರಿದಿದ್ದರೆ, ಆ ಪಲ್ಲಟವೇ ಕವಚ ದಾಟಿ ಬಂದ ಹೊರಕ್ಷೇತ್ರ. ಇನ್ನು, ಎಫ್ ಹೆಚ್ಚಿದಂತೆ ಕುಳಿಗಳು ಮಸುಕಾಗುತ್ತ ಹೋಗುವುದನ್ನು ನಮ್ಮ ಪ್ರೋಗ್ರಾಮು ತೋರಿಸುವುದಿಲ್ಲ. ನಿಜವಾದ ಸಂಧಿಗಳಿಗೆ ತಮ್ಮದೇ ವಿಸ್ತೀರ್ಣ ಇದೆ, ಕ್ಷೇತ್ರ ಅವುಗಳೊಳಗೂ ಹೊಕ್ಕು ನಿರ್ಣಾಯಕ ಪ್ರವಾಹವನ್ನು ತಗ್ಗಿಸುತ್ತದೆ.

ಕೊನೆಯ ಪರೀಕ್ಷೆ ಅತಿ ಕಠಿಣವಾದುದು. ಸ್ಥಿರ ಪ್ರವಾಹದ ಜೊತೆಗೆ ಮೈಕ್ರೋವೇವ್ ಪ್ರವಾಹವನ್ನೂ ಸೇರಿಸಿದರೆ ವೋಲ್ಟೇಜಿನಲ್ಲಿ ಸಮತಟ್ಟಾದ ಶಪಿರೊ ಮೆಟ್ಟಿಲುಗಳು ಮೂಡುತ್ತವೆ. ಒಂಟಿ ಸಂಧಿಯಲ್ಲಿ 1 ಗಿಗಾಹರ್ಟ್ಸ್‌ಗೆ ಮೆಟ್ಟಿಲಿನ ಎತ್ತರ 2.068 ಮೈಕ್ರೊವೋಲ್ಟ್. ಪ್ರವಾಹದ ದಿಕ್ಕಿನಲ್ಲಿ ಎಷ್ಟು ಸಂಧಿಗಳು ಸಾಲಾಗಿವೆಯೋ ಜಾಲದಲ್ಲಿ ಅದು ಅಷ್ಟು ಪಟ್ಟು ಬೆಳೆಯುತ್ತದೆ. ಎಫ್ ಅರ್ಧವಾದಾಗ ಆ ದೊಡ್ಡ ಮೆಟ್ಟಿಲುಗಳ ನಡುವೆ ಅರ್ಧ ಮೆಟ್ಟಿಲುಗಳು, ಮೂರನೇ ಒಂದಾದಾಗ ಮೂರನೇ ಒಂದರ ಮೆಟ್ಟಿಲುಗಳು ಕಾಣುತ್ತವೆ ಎಂದು ಬೆಂಜ್, ಟಿಂಕಮ್ ಮತ್ತು ಸಂಗಡಿಗರು 1990ರಲ್ಲಿ ಪ್ರಯೋಗದಿಂದ ತೋರಿಸಿದರು. ಸುಳಿಗಳ ಇಡೀ ಜಾಲ ಮೈಕ್ರೋವೇವಿನ ಪ್ರತಿ ಆವರ್ತಕ್ಕೂ ಹೆಜ್ಜೆ ತಪ್ಪದೆ ಒಟ್ಟಾಗಿ ಸರಿದರೆ ಮಾತ್ರ ಇದು ಸಾಧ್ಯ.

ನಿಮ್ಮ ಪ್ರೋಗ್ರಾಮಿನಲ್ಲಿ ಇದನ್ನು ಕಾಣಲು ನಾಲ್ಕನೇ ಹಂತದ ವಿಧಾನದಿಂದ ಬಿಚ್ಚಿದ ಅಂಚಿನ ಜಾಲವನ್ನೇ ಎಫ್ ಅರ್ಧದಲ್ಲಿ ಚೆನ್ನಾಗಿ ತಣಿಸಿ, ಆ ಫೇಸ್‌ಗಳಿಂದಲೇ ಆರನೇ ಹಂತದ ಎರಡನೇ ಬಗೆಯ ಸಮೀಕರಣಗಳನ್ನು ಆರಂಭಿಸಿ. ಕೋನೀಯ ಆವರ್ತನವನ್ನು ನಮ್ಮ ಕಾಲದ ಘಟಕದಲ್ಲಿ 1ರ ಆಸುಪಾಸಿನಲ್ಲಿ, ಮೈಕ್ರೋವೇವ್ ಪ್ರವಾಹವನ್ನೂ 1ರ ಆಸುಪಾಸಿನಲ್ಲಿ ಇಟ್ಟು, ಸ್ಥಿರ ಪ್ರವಾಹವನ್ನು ಸಣ್ಣ ಹೆಜ್ಜೆಗಳಲ್ಲಿ ಏರಿಸಿ. ಪ್ರತಿ ಹೆಜ್ಜೆಯಲ್ಲೂ ಮೊದಲ ಕೆಲವು ಆವರ್ತಗಳನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಸಂಧಿಯೊಂದರ ವೋಲ್ಟೇಜ್ ಕೋನೀಯ ಆವರ್ತನದ ಸರಿಯಾಗಿ ಅರ್ಧದಲ್ಲಿ ಸಮತಟ್ಟಾಗಿ ನಿಂತರೆ ಗೇಜ್ (ಕೊಂಡಿಗಳಿಗೆ ಕ್ಷೇತ್ರದ ಪಾಲು ಹಂಚಿದ ಬಗೆ), ಎಣಿಕೆ, ತಣಿಸುವಿಕೆ, ಚಲನೆ ನಾಲ್ಕೂ ಒಟ್ಟಿಗೆ ಸರಿಯಾಗಿವೆ. ನಿಲ್ಲದಿದ್ದರೆ ತಣಿಸಿದ ಚಿತ್ರಕ್ಕೆ ಹಿಂತಿರುಗಿ, ಗೋಡೆಗಳು ಉಳಿದಿವೆಯೇ ಎಂದು ಮೊದಲು ನೋಡಿ.